ದಿಂಬು ಇಟ್ಟವರು ಯಾರು?

ನಮ್ಮ ಮಹಡಿಯ ಕೋಣೆಗೆ ಬಾಡಿಗೆಗೆ ಬಂದ ಹುಡುಗಿ ಟೆಂಪೋದಿಂದ ಸಾಮಾನು ಇಳಿಸುತ್ತಿದ್ದಾಗ ನಾನು ಗೇಟಿನ ಹತ್ತಿರ ನಿಂತು ನೋಡುತ್ತಿದ್ದೆ. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಪುಸ್ತಕ ತುಂಬಿದ ಎರಡು ರಟ್ಟಿನ ಪೆಟ್ಟಿಗೆ. ಇಷ್ಟರವರೆಗೆ ಸರಿ. ಆಮೇಲೆ ಕಪ್ಪು ಚೀಲ ಹೊದ್ದ ದುಂಡನೆಯ ವಸ್ತುಗಳು ಒಂದೊಂದಾಗಿ ಇಳಿಯತೊಡಗಿದವು. ಚಿಕ್ಕದು, ಅದಕ್ಕಿಂತ ದೊಡ್ಡದು, ಕೊನೆಗೆ ನಮ್ಮೂರಿನ ಮದುವೆ ಮನೆಯ ಕೊಪ್ಪರಿಗೆಯಷ್ಟು ದೊಡ್ಡದೊಂದು.

"ಒಬ್ಬಳಿಗೆ ಇಷ್ಟೊಂದು ಪಾತ್ರೆ ಯಾಕಮ್ಮ?" ಎಂದೆ.

ಹುಡುಗಿ ನಕ್ಕಳು. "ಪಾತ್ರೆ ಅಲ್ಲ ಆಂಟಿ, ಡ್ರಮ್ಸು."

ಆಗಲೇ ಬೇಡ ಅನ್ನಬಹುದಿತ್ತು. ಆದರೆ ಅಡ್ವಾನ್ಸು ತೆಗೆದುಕೊಂಡಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಅರಸೀಕೆರೆಯ ಕಡೆಯಿಂದ ಬಂದ, ಎರಡು ಜಡೆ ಹಾಕಿದರೆ ಹೈಸ್ಕೂಲಿನವಳಂತೆ ಕಾಣುವ ಈ ಹುಡುಗಿ ಅದನ್ನೆಲ್ಲ ಬಾರಿಸುವುದುಂಟೆ ಎಂಬ ಕುತೂಹಲ ನನಗೆ. ಯಾರೋ ಅಣ್ಣನದೋ ಗೆಳೆಯನದೋ ಇರಬೇಕು, ಇಡಲು ಜಾಗವಿಲ್ಲದೆ ತಂದಿದ್ದಾಳೆ ಎಂದುಕೊಂಡೆ. ನೋಡಿ, ಮೊದಲ ತಪ್ಪು ಅಲ್ಲೇ ಆಯಿತು. ವಾದ್ಯ ಅವಳದೇ ಇರಬಹುದೆಂದು ನನಗೆ ಹೊಳೆಯಲೇ ಇಲ್ಲ.

ಸೋಲದೇವನಹಳ್ಳಿ ಬೆಂಗಳೂರಿನ ಉತ್ತರದ ಅಂಚು. ಹೆಸರಘಟ್ಟ ರಸ್ತೆಯಲ್ಲಿ ಚಿಕ್ಕಬಾಣಾವರದ ಮಗ್ಗುಲಿಗಿದೆ. ತುಮಕೂರಿನ ಕಡೆಯ ರೈಲು ನಮ್ಮೂರನ್ನು ಹಾದೇ ಹೋಗುತ್ತದೆ. ನಾವು ಇಲ್ಲಿ ಮನೆ ಕಟ್ಟಿಸಿದಾಗ ಸುತ್ತ ರಾಗಿ ಹೊಲ, ನೀಲಗಿರಿ ತೋಪು. ಆಚಾರ್ಯ ಕಾಲೇಜುಗಳು ಬಂದ ಮೇಲೆ ಊರಿನ ನಡೆಯೇ ಬದಲಾಯಿತು. ಪ್ರತಿ ಮನೆಯ ಮೇಲೊಂದು ಮಹಡಿ, ಮಹಡಿಗೊಂದು ಕೋಣೆ, ಕೋಣೆಯಲ್ಲಿ ಯಾವ ಯಾವ ಊರಿನ ಮಕ್ಕಳೋ. ಅವರ ಬಾಡಿಗೆಯಿಂದ ನಮ್ಮ ಕರೆಂಟು ಬಿಲ್ಲು, ಮಾತ್ರೆಯ ಖರ್ಚು ಸಾಗುತ್ತದೆ. ಹಾಗಾಗಿ ಬಾಡಿಗೆಯವರನ್ನು ಕಂಡರೆ ನಮಗೆ ಅರ್ಧ ಪ್ರೀತಿ, ಅರ್ಧ ಅನುಮಾನ.

ಎರಡನೆಯ ದಿನ ಸಂಜೆ ಸದ್ದು ಶುರುವಾಯಿತು. ನಾನು ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದೆ. ತಲೆಯ ಮೇಲೆ "ಧಂ" ಎಂದಿತು. ಶೆಲ್ಫಿನ ಮೇಲಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅಂದವು. ನಮ್ಮವರು ಪೇಪರು ಕೆಳಗಿಟ್ಟು ನನ್ನ ಮುಖ ನೋಡಿದರು. ನಾನು ಸೌಟು ಹಿಡಿದುಕೊಂಡೇ ಮೆಟ್ಟಿಲು ಹತ್ತಿದೆ.

ಬಯ್ಯಲೆಂದು ಹೋದವಳು ಅರ್ಧ ಗಂಟೆ ಅಲ್ಲೇ ಕೂತೆ! ಅವಳು ಆ ವಾದ್ಯವನ್ನು ಜೋಡಿಸಿದ್ದ ರೀತಿ ನನ್ನನ್ನು ಕೂರಿಸಿತು. ಕೆಳಗೊಂದು ಹಳೆಯ ಜಮಖಾನ. ಸಾಮಾನು ಜಾರಬಾರದೆಂದು ಅದು. ಜಮಖಾನದ ಮೇಲೆ ಅಲ್ಲಲ್ಲಿ ಟೇಪಿನ ಗುರುತು, ಯಾವ ಕಾಲು ಎಲ್ಲಿ ನಿಲ್ಲಬೇಕೆಂದು. ಒಂದೊಂದನ್ನೂ ಮುಟ್ಟಿ ತೋರಿಸಿದಳು. ನೆಲದ ಮೇಲೆ ಅಡ್ಡ ಮಲಗಿದ, 22 ಅಂಗುಲ ಅಗಲದ ಬೇಸ್ ಡ್ರಮ್. ಇದನ್ನು ಕೈಯಿಂದಲ್ಲ, ಬಲಗಾಲಿನ ಪೆಡಲಿನಿಂದ ಬಾರಿಸುವುದು. ತೊಡೆಯ ನಡುವೆ ಬರುವುದು 14 ಅಂಗುಲದ ಸ್ನೇರ್. ಅದರ ಕೆಳಗಿನ ಚರ್ಮಕ್ಕೆ ತಾಗಿದಂತೆ ಸುರುಳಿ ತಂತಿಗಳ ಸಾಲೊಂದಿದೆ. ಮೇಲೆ ಹೊಡೆದರೆ ಕೆಳಗಿನ ತಂತಿ ಗರಗರ ಎಂದು ನಡುಗಿ ಆ ಚರಚರ ಸದ್ದು ಬರುತ್ತದೆ. ಪಕ್ಕದ ಗುಂಡಿ ಒತ್ತಿ ತಂತಿ ಬಿಡಿಸಿದರೆ ಅದೇ ವಾದ್ಯ ಬರೀ ತಮಟೆಯ ಹಾಗೆ ನುಡಿಯುತ್ತದೆ. ಎದುರಿಗೆ ಎರಡು ಟಾಮ್, ಬಲಕ್ಕೆ ಮೂರು ಕಾಲಿನ ಮೇಲೆ ನಿಂತ ಫ್ಲೋರ್ ಟಾಮ್. ಎಡಗಾಲಿನ ಹತ್ತಿರ ಹೈ-ಹ್ಯಾಟ್, ಅಂದರೆ ತಟ್ಟೆಯ ಮೇಲೆ ತಟ್ಟೆ ಕವುಚಿದ ಜೋಡಿ ತಾಳ. ಪೆಡಲು ತುಳಿದರೆ ಬಾಯಿ ಮುಚ್ಚುತ್ತದೆ, ಬಿಟ್ಟರೆ ತೆರೆಯುತ್ತದೆ. ಮೇಲೆ ಎರಡು ದೊಡ್ಡ ಸಿಂಬಲ್.

"ಎಲ್ಲ ಕೈಗೆಟುಕೋ ಹಾಗೆ ಇರಬೇಕು ಆಂಟಿ. ನೋಡದೇ ಹೊಡೆಯೋ ಹಾಗೆ" ಎಂದಳು. ನನಗೆ ಅರ್ಥವಾಯಿತು. ನನ್ನ ಮಸಾಲೆ ಡಬ್ಬಿಯನ್ನು ಯಾರಾದರೂ ಒಂದು ಗೇಣು ಆಚೆ ಇಟ್ಟರೆ ನನಗೂ ಇಡೀ ಅಡುಗೆ ತಪ್ಪುತ್ತದೆ.

ಸಿಂಬಲನ್ನು ನಾನು ಉಗುರಿನಿಂದ ತಟ್ಟಿ ನೋಡಿದೆ. ಪಾತ್ರೆ ಅಂಗಡಿಯ ಅಭ್ಯಾಸ. "ಇದು ಹಿತ್ತಾಳೆ, ಕಂಚಲ್ಲ" ಎಂದೆ. ಹುಡುಗಿಯ ಕಣ್ಣು ಅರಳಿತು. "ಹೇಗೆ ಗೊತ್ತಾಯ್ತು?" ಹಿತ್ತಾಳೆ ಒಮ್ಮೆ ಕೂಗಿ ಸುಮ್ಮನಾಗುತ್ತದೆ, ಕಂಚಿನ ದನಿ ನಿಧಾನ ಕರಗುತ್ತದೆ. ಇದನ್ನು ನಮ್ಮ ತಾಯಂದಿರು ಗಂಟೆ, ತಟ್ಟೆ ಕೊಳ್ಳುವಾಗ ಕಲಿಸಿದ್ದರು. ಒಳ್ಳೆಯ ಸಿಂಬಲ್‌ಗಳು ಶೇಕಡಾ 80 ತಾಮ್ರ, 20 ತವರ ಬೆರೆಸಿದ ಕಂಚಿನವೇ ಅಂತೆ. 1623ರಲ್ಲಿ ಇಸ್ತಾಂಬುಲಿನಲ್ಲಿ ಶುರುವಾದ ಜಿಲ್ಜಿಯನ್ ಎಂಬ ಅರ್ಮೇನಿಯನ್ ಮನೆತನದವರು ಈಗಲೂ, ಅಮೆರಿಕದಲ್ಲಿದ್ದುಕೊಂಡು, ಅದನ್ನೇ ಎರಕ ಹೊಯ್ಯುತ್ತಾರೆ. ಆ ಹೆಸರಿನ ಅರ್ಥವೇ ತಾಳ ಮಾಡುವವನ ಮನೆಯವರು ಎಂದು. "ಅದಕ್ಕೆ ದುಡ್ಡಿಲ್ಲ ಆಂಟಿ. ಇಡೀ ಸೆಟ್ಟೇ ಸೆಕೆಂಡ್ ಹ್ಯಾಂಡ್, 22,000 ರೂಪಾಯಿ. ಎರಡು ವರ್ಷ ಮಕ್ಕಳಿಗೆ ಟ್ಯೂಶನ್ ಹೇಳಿ ಕೂಡಿಸಿದ್ದು" ಎಂದಳು.

ಈ ಕಾಲ್ಪೆಡಲಿನ ಕತೆಯೂ ಸ್ವಾರಸ್ಯವಾಗಿದೆ. ಮೊದಲು ಬ್ಯಾಂಡುಗಳಲ್ಲಿ ದೊಡ್ಡ ಡ್ರಮ್ಮಿಗೆ ಒಬ್ಬ, ಚಿಕ್ಕದಕ್ಕೆ ಒಬ್ಬ, ತಾಳಕ್ಕೆ ಇನ್ನೊಬ್ಬ ಇರುತ್ತಿದ್ದರು. 1909ರಲ್ಲಿ ಅಮೆರಿಕದ ಲುಡ್‌ವಿಗ್ ಸಹೋದರರು ಚುರುಕಾಗಿ ನಡೆಯುವ ಪೆಡಲನ್ನು ತಯಾರಿಸಿ ಮಾರತೊಡಗಿದ ಮೇಲೆ, ಎರಡು ಕೈ ಎರಡು ಕಾಲಿನಿಂದ ಒಬ್ಬರೇ ಮೂವರ ಕೆಲಸ ಮಾಡುವುದು ರೂಢಿಯಾಯಿತು. ಮೂವರ ಕೆಲಸ ಒಬ್ಬರೇ ಮಾಡುವುದರಲ್ಲಿ ನಮ್ಮ ಹೆಂಗಸರಿಗೇನು ಆಶ್ಚರ್ಯವಿದೆ ಹೇಳಿ! ಆದರೂ ಅವಳ ನಾಲ್ಕು ಅಂಗಗಳು ನಾಲ್ಕು ಬೇರೆ ಬೇರೆ ಲೆಕ್ಕ ಹಾಕುತ್ತಿದ್ದುದನ್ನು ನೋಡಿ, ಸೌಟು ಹಿಡಿದ ಕೈ ಕೆಳಗಿಳಿಯಿತು. ಒಗ್ಗರಣೆ ಸೀದುಹೋಗಿತ್ತು, ಅದು ಬೇರೆ ಮಾತು.

ಹೀಗೆ ಎರಡು ತಿಂಗಳು ಕಳೆಯಿತು. ಅವಳು ತನ್ನ ಮೂವರು ಸಹಪಾಠಿಗಳ ಜೊತೆ ಒಂದು ರಾಕ್ ತಂಡ ಕಟ್ಟಿಕೊಂಡಿದ್ದಳು. ಕಾಲೇಜುಗಳ ಹಬ್ಬದಲ್ಲಿ ಸ್ಪರ್ಧೆ ಇತ್ತು. ಬೆಳಿಗ್ಗೆ, ಸಂಜೆ, ಭಾನುವಾರ, ಬಿಡುವು ಸಿಕ್ಕಾಗಲೆಲ್ಲ ಬಾರಿಸುತ್ತಿದ್ದಳು. ನನಗೆ ಒಳಗೊಳಗೇ ಹೆಮ್ಮೆ. ಅಷ್ಟರಲ್ಲಿ ಹಿಂದಿನ ಮನೆಯ ಅಜ್ಜನಿಗೆ ಹೃದಯದ ಆಪರೇಷನ್ ಆಗಿ ಮನೆಗೆ ಕರೆತಂದರು.

ಒಂದು ದಿನ ಅವರ ಸೊಸೆ ಬಂದಳು. ಪೀಣ್ಯದ ಕಡೆ ಗಾರ್ಮೆಂಟ್ಸಿಗೆ ಹೋಗುವ ಹೆಂಗಸು. ಜಗಳ ಮಾಡಲಿಲ್ಲ. ಗೇಟಿಗೆ ಒರಗಿ ನಿಂತು ಹೇಳಿದಳು: "ಅಕ್ಕ, ಮಾವನೋರು ಪ್ರತಿ ಸಲ ಬೆಚ್ಚಿ ಬೀಳ್ತಾರೆ. ನಾನು ಬೆಳಗಿಂದ ಸಂಜೆವರ್ಗೂ ಮಿಷಿನ್ ಸದ್ದಲ್ಲೇ ಇರ್ತೀನಿ. ಮನೆಗ್ ಬಂದ್ರೂ ಅದೇನಾ?"

ಏನು ಉತ್ತರ ಕೊಡಲಿ? 2000ರ ಶಬ್ದ ಮಾಲಿನ್ಯ ನಿಯಮಗಳಲ್ಲಿ ವಾಸದ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬಲ್ ಎಂದಿದೆ. ಜೋರಾಗಿ ಬಾರಿಸಿದ ಡ್ರಮ್ಸು ಕೋಣೆಯೊಳಗೆ 100 ದಾಟುತ್ತದೆ. ಆ ಲೆಕ್ಕ ಹಿಡಿದರೆ ನಮ್ಮೂರಿನ ಬೋರ್‌ವೆಲ್ ಲಾರಿ, ಛತ್ರದ ವಾಲಗ, ಗಣೇಶನ ಹಬ್ಬದ ಧ್ವನಿವರ್ಧಕ ಯಾವುದೂ ಉಳಿಯುವುದಿಲ್ಲ. ಯಲಹಂಕದಲ್ಲಿ ವಿಮಾನಗಳ ಪ್ರದರ್ಶನ ನಡೆದಾಗ ಆಕಾಶ ಸೀಳುವ ಸದ್ದಿಗೆ ನಾವು ಮಕ್ಕಳನ್ನು ಎತ್ತಿಕೊಂಡು ತಾರಸಿಗೆ ಓಡುತ್ತೇವೆ. ಹೆಸರಘಟ್ಟದ ನೃತ್ಯಗ್ರಾಮದಲ್ಲಿ ವಸಂತಹಬ್ಬ ನಡೆಯುತ್ತಿದ್ದ ವರ್ಷಗಳಲ್ಲಿ ರಾತ್ರಿಯಿಡೀ ವಾದ್ಯ ಕೇಳುತ್ತ ಬಯಲಲ್ಲಿ ಕೂತವರಲ್ಲಿ ನಾನೂ ಒಬ್ಬಳು. ಊರೆಲ್ಲ ಒಪ್ಪಿದ ಸದ್ದು ಹಬ್ಬ, ಒಬ್ಬಳೇ ಮಾಡುವ ಸದ್ದು ಗಲಾಟೆ. ಇದು ನ್ಯಾಯವಲ್ಲ ಎಂದು ನನಗೆ ಗೊತ್ತಿತ್ತು. ಹಾಗೆಂದು ಎದೆ ಹೊಲಿಸಿಕೊಂಡು ಮಲಗಿದ ಅಜ್ಜನ ಮುಂದೆ ಈ ವಾದ ಹೂಡಲಾದೀತೆ?

2018ರ ಯುಗಾದಿಗೆ ಹುಡುಗಿ ನಾಲ್ಕು ದಿನ ಊರಿಗೆ ಹೋದಳು. ನೀರಿನ ನಲ್ಲಿ ನೋಡಿಕೊಳ್ಳಲೆಂದು ಕೋಣೆಯ ಬೀಗದ ಕೈ ನನ್ನ ಹತ್ತಿರ ಕೊಟ್ಟಿದ್ದಳು. ಹಬ್ಬದ ಮಾರನೆಯ ದಿನ ಮೇಲೆ ಹೋದೆ. ಬೇಸ್ ಡ್ರಮ್ಮಿನ ಎದುರಿನ ಚರ್ಮ ತೆಗೆದಿಟ್ಟಿದ್ದಳು, ಅದು ಬಾಯಿ ತೆರೆದುಕೊಂಡಿತ್ತು. ಒಳಗೆ ಆಗಲೇ ಒಂದು ಪುಟ್ಟ ದಿಂಬು ಇತ್ತು. ಯಾಕೆಂದು ನಾನು ಯೋಚಿಸಲಿಲ್ಲ. ನಮ್ಮ ಮನೆಯ ಎರಡು ಹತ್ತಿ ದಿಂಬು, ಒಂದು ಹರಿದ ಕೌದಿ ತಂದು ಅದರ ಹೊಟ್ಟೆಗೆ ತುರುಕಿದೆ. ಟಾಮ್‌ಗಳ ಮೇಲೆ ಟವೆಲು ಹಾಸಿ ಅಂಚಿಗೆ ಟೇಪು ಅಂಟಿಸಿದೆ. ಒಳ್ಳೆಯ ಕೆಲಸ ಮಾಡಿದೆನೆಂದೇ ಅಂದುಕೊಂಡು ಕೆಳಗಿಳಿದೆ. ಹುಡುಗಿಗೂ ಬೇಸರವಿಲ್ಲ, ಅಜ್ಜನಿಗೂ ತೊಂದರೆಯಿಲ್ಲ, ಯಾರೊಂದಿಗೂ ಮಾತಾಡುವ ಕಷ್ಟವೂ ಇಲ್ಲ.

ಹುಡುಗಿ ಬಂದ ಸಂಜೆ "ಥಪ್" ಎಂದು ಒಂದೇ ಒಂದು ಸದ್ದು ಕೇಳಿಸಿತು. ಆಮೇಲೆ ಮೌನ. ಐದು ನಿಮಿಷಕ್ಕೆ ಎರಡು ದಿಂಬು, ಕೌದಿ, ಟವೆಲು ಎಲ್ಲ ಹೊತ್ತು ಕೆಳಗೆ ಬಂದಳು. ಕಣ್ಣು ಕೆಂಪಾಗಿತ್ತು.

"ಇದು ನಿಮ್ಮದಲ್ವಾ ಆಂಟಿ?"

ಅಜ್ಜನ ವಿಷಯ ಹೇಳಿದೆ. ಸೊಸೆ ಬಂದಿದ್ದು ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಹೇಳಿದಳು: "ದಿಂಬು ನಾನೂ ಇಟ್ಟಿದ್ದೆ. ಅದು ಎಲ್ಲಿ ತಾಗಬೇಕು, ಎಷ್ಟು ತಾಗಬೇಕು ಅಂತ ಹದಿನೈದು ದಿನ ಸರಿಸಿ ಸರಿಸಿ ನೋಡಿ ಇಟ್ಟಿದ್ದು. ಅಜ್ಜನಿಗೆ ಹುಷಾರಿಲ್ಲ ಅಂದಿದ್ರೆ ನಾನೇ ಇನ್ನೊಂದು ಇಡ್ತಿದ್ನಲ್ಲ. ನನ್ನನ್ನ ಯಾಕೆ ಕೇಳ್ಲಿಲ್ಲ?"

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಮನೆ ಯಜಮಾನಿ, ವಯಸ್ಸಿನಲ್ಲಿ ಹಿರಿಯಳು, ಬೀಗದ ಕೈ ನನ್ನ ಹತ್ತಿರವಿತ್ತು. ಇಷ್ಟೇ ಕಾರಣ. ಇದನ್ನು ಬಾಯಿಬಿಟ್ಟು ಹೇಳಲಾಗುತ್ತದೆಯೆ?

ಆ ರಾತ್ರಿ ನಿದ್ದೆ ಬರಲಿಲ್ಲ. ಮುಂದಿನ ದಿನಗಳಲ್ಲಿ, ಮಾತು ಮತ್ತೆ ಹದಕ್ಕೆ ಬಂದಮೇಲೆ, ದಿಂಬಿನ ಗುಟ್ಟನ್ನು ಅವಳಿಂದಲೇ ಕೇಳಿ ತಿಳಿದುಕೊಂಡೆ. ಡ್ರಮ್ಮಿನ ಚರ್ಮ, ಈಗ ಅದು ಚರ್ಮವಲ್ಲ, 1957ರ ಸುಮಾರಿಗೆ ಕರುವಿನ ತೊಗಲಿನ ಬದಲು ಬಂದ ಪ್ಲಾಸ್ಟಿಕ್ ಹಾಳೆ, ಹೊಡೆದ ಮೇಲೂ ಬಹಳ ಹೊತ್ತು ಗುಂಯ್‌ಗುಡುತ್ತದೆ. ಒಂದು ಪೆಟ್ಟಿನ ಗುಂಗು ಮುಗಿಯುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ ಎಲ್ಲ ಕಲಸಿಹೋಗುತ್ತದೆ. ಅದಕ್ಕೆ ದಿಂಬನ್ನೋ ಕಂಬಳಿಯನ್ನೋ ಚರ್ಮಕ್ಕೆ ಇಷ್ಟೇ ಇಷ್ಟು ತಾಗುವಂತೆ ಇಟ್ಟರೆ ಸದ್ದು ಗಟ್ಟಿಯಾಗಿ ಹುಟ್ಟಿ ಬೇಗ ಮುಗಿಯುತ್ತದೆ. ಸುತ್ತಲಿನ ತಿರುಪುಗಳನ್ನು ಬಿಗಿಯುವುದೂ ಒಂದು ವಿದ್ಯೆ. ಒಂದನ್ನು ತಿರುಗಿಸಿದರೆ ಮುಂದೆ ಅದರ ಪಕ್ಕದ್ದಲ್ಲ, ಎದುರಿನದು. ಉಪ್ಪಿನಕಾಯಿ ಜಾಡಿಗೆ ಬಟ್ಟೆ ಕಟ್ಟುವಾಗ ನಾವು ಎದುರುಬದುರು ಎಳೆದು ಸಮ ಮಾಡುವುದಿಲ್ಲವೆ, ಹಾಗೆಯೇ.

ಇದು ಅವರ ವಾದ್ಯಕ್ಕೆ ಮಾತ್ರ ಸೇರಿದ್ದಲ್ಲ. ನಮ್ಮ ಮೃದಂಗದ ಎಡಭಾಗಕ್ಕೆ ಕಚೇರಿಗೆ ಮುಂಚೆ ರವೆ ಕಲಸಿ ಮೆತ್ತುತ್ತಾರೆ, ಮುಗಿದ ಮೇಲೆ ಕೆರೆದು ತೆಗೆಯುತ್ತಾರೆ. ಆ ಮುದ್ದೆ ಚರ್ಮಕ್ಕೆ ಭಾರ ಕೊಟ್ಟು ದನಿಯನ್ನು ಕೆಳಗಿಳಿಸುತ್ತದೆ. ತಮಟೆಯವರು ಬೆಂಕಿ ಕಾಯಿಸಿ ಚರ್ಮ ಬಿಗಿಯಾಗಿಸಿ ದನಿ ಏರಿಸುತ್ತಾರೆ. ಏರಿಸುವುದೂ ಇಳಿಸುವುದೂ ನುಡಿಸುವವರ ಕೈಯಲ್ಲಿದೆ. ಬೀಟಲ್ಸ್ ತಂಡದ ರಿಂಗೋ ಸ್ಟಾರ್ 1969ರ ಹೊತ್ತಿಗೆ ತನ್ನ ಡ್ರಮ್ಮುಗಳ ಮೇಲೆ ಅಡುಗೆಮನೆಯ ಒರೆಸುವ ಬಟ್ಟೆ ಹೊದಿಸಿ ಬಾರಿಸುತ್ತಿದ್ದನಂತೆ. ಆ ಮೆತ್ತನೆಯ ಸದ್ದು ಜಗತ್ತಿನ ಎಷ್ಟೋ ಡ್ರಮ್ಮರುಗಳಿಗೆ ಮಾದರಿಯಾಯಿತು. ಅದಾಗಿ ಎರಡೇ ವರ್ಷಕ್ಕೆ, 1971ರಲ್ಲಿ, ಲೆಡ್ ಜೆಪ್ಲಿನ್ ತಂಡದ ಜಾನ್ ಬಾನಮ್‌ನ ಹಾಡೊಂದು ಬಂತು. ಅವನ ಬೇಸ್ ಡ್ರಮ್ 26 ಅಂಗುಲದ್ದು. ಹ್ಯಾಂಪ್‌ಶೈರಿನ ಹಳೆಯ ಮನೆಯೊಂದರ ಮೆಟ್ಟಿಲ ಕೆಳಗೆ ಡ್ರಮ್ಸ್ ಇರಿಸಿ, ಮೇಲಿನಿಂದ ಎರಡು ಮೈಕು ಇಳಿಬಿಟ್ಟು ಧ್ವನಿಮುದ್ರಣ ಮಾಡಿದರು. ಮನೆಯ ಗೋಡೆಗಳೇ ಮೊಳಗಿದ ಸದ್ದು ಅದು. ಒಬ್ಬ ಬಟ್ಟೆ ಹೊದಿಸಿದ, ಇನ್ನೊಬ್ಬ ಇಡೀ ಮನೆಯನ್ನೇ ಡ್ರಮ್ ಮಾಡಿಕೊಂಡ. ಇಬ್ಬರೂ ಹಾಡಿಗೆ ಏನು ಬೇಕೆಂದು ತಾವೇ ಕೇಳಿ ನೋಡಿ ತೀರ್ಮಾನಿಸಿದರು.

ಹಾಗಾದರೆ ನಾನು ಇಟ್ಟ ದಿಂಬಿಗೂ ಅವಳು ಇಟ್ಟ ದಿಂಬಿಗೂ ಹತ್ತಿಯಲ್ಲಿ ಏನು ವ್ಯತ್ಯಾಸ? ಏನೂ ಇಲ್ಲ. ವ್ಯತ್ಯಾಸವೆಲ್ಲ ಇಟ್ಟ ಕೈಯಲ್ಲಿತ್ತು. ಅವಳು ಸದ್ದಿನ ಮೇಲಿನ ಪ್ರೀತಿಗೆ ಇಟ್ಟಳು. ನಾನು ಸದ್ದಿನ ಮೇಲಿನ ಭಯಕ್ಕೆ ಇಟ್ಟೆ, ಅದೂ ಅವಳ ಬೆನ್ನ ಹಿಂದೆ.

ಈ ಭಯ ನನಗೆಲ್ಲಿಂದ ಬಂತು ಎಂದು ಹುಡುಕಿಕೊಂಡು ಹೋದರೆ ನಮ್ಮ ತವರುಮನೆಯ ಹಜಾರ ಕಣ್ಣಿಗೆ ಬರುತ್ತದೆ. ಅಣ್ಣನಿಗೆ ಮೃದಂಗ ಹೇಳಿಕೊಡಲು ಮೇಷ್ಟ್ರು ಬರುತ್ತಿದ್ದರು. ನಾನು ಅಡುಗೆಮನೆಯ ಬಾಗಿಲ ಹಿಂದೆ ಕೂತು ಪಾಠವೆಲ್ಲ ಕೇಳಿಸಿಕೊಂಡು, ಮಧ್ಯಾಹ್ನ ಊಟದ ಮಣೆ ಕವುಚಿ ಹಾಕಿ ಬಾರಿಸುತ್ತಿದ್ದೆ. ಅಣ್ಣ ತಪ್ಪಿದ ಕಡೆ ನಾನು ತಪ್ಪುತ್ತಿರಲಿಲ್ಲ. ಅಜ್ಜಿ ಒಂದು ದಿನ ಗದರಿದರು: "ಹೆಣ್ಣುಮಕ್ಕಳು ಮನೇಲಿ ಮಣೆ ಬಡೀಬಾರ್ದು, ದರಿದ್ರ!" ಅಮ್ಮ ಪಾಪದವರು. ಅಜ್ಜಿಗೆ ಎದುರಾಡುವವರಲ್ಲ, ನನ್ನ ಮನಸ್ಸು ಮುರಿಯುವವರೂ ಅಲ್ಲ. ಒಂದು ಹಳೆಯ ಪಂಚೆ ನಾಲ್ಕಾಗಿ ಮಡಿಸಿ ಮಣೆಯ ಮೇಲೆ ಹಾಸಿದರು. "ಇದರ ಮೇಲೆ ಬಾರಿಸ್ಕೊ, ಅಜ್ಜಿಗೆ ಕೇಳಿಸಲ್ಲ." ಅಜ್ಜಿಗೆ ಕೇಳಿಸಲಿಲ್ಲ. ನನಗೂ ಕೇಳಿಸಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಬಿಟ್ಟೇಬಿಟ್ಟೆ. ಯಾರೂ ಬಿಡಿಸಲಿಲ್ಲ, ತಾನಾಗಿ ಬಿಟ್ಟಳು ಎಂದೇ ಮನೆಯಲ್ಲಿ ಹೇಳುತ್ತಿದ್ದರು. ನಾನೂ ಹಾಗೇ ನಂಬಿದ್ದೆ.

ಈ ಪಂಚೆ ಹಾಸುವ ಪ್ರೀತಿ ಎಲ್ಲ ದೇಶಗಳಲ್ಲೂ ಇದೆ ಎಂದು ಆಮೇಲೆ ಓದಿ ತಿಳಿದೆ. ಅಮೆರಿಕದ ಕ್ಯಾರೆನ್ ಕಾರ್ಪೆಂಟರ್ ಹೆಸರು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಜೇನಿನಂಥ ಕಂಠ. ಆದರೆ ಅವಳು ಮೊದಲು ಡ್ರಮ್ಮರ್. ತನ್ನನ್ನು ಹಾಡುವ ಡ್ರಮ್ಮರ್ ಎಂದೇ ಎಣಿಸಿಕೊಂಡಿದ್ದವಳು. ಹೆಸರು ಬಂದಮೇಲೆ, ಡ್ರಮ್ಮುಗಳ ಹಿಂದೆ ಕೂತರೆ ಜನಕ್ಕೆ ಮುಖ ಕಾಣುವುದಿಲ್ಲ ಎಂದು ಅವಳನ್ನು ಎಬ್ಬಿಸಿ ಮೈಕಿನ ಮುಂದೆ ನಿಲ್ಲಿಸಿದರು. ಕೆಟ್ಟ ಉದ್ದೇಶವೇನೂ ಇರಲಿಲ್ಲ. ಮುಂದೆ ನಿಂತವಳಿಗೆ ತನ್ನ ಮೈಯೇ ಹೊರೆಯಾಯಿತು. ಊಟ ಬಿಡುವ ಕಾಯಿಲೆ ಹತ್ತಿ 1983ರಲ್ಲಿ, 32ನೇ ವಯಸ್ಸಿನಲ್ಲಿ ತೀರಿಕೊಂಡಳು. ಡ್ರಮ್ಸ್ ಬಿಡಿಸಿದ್ದೇ ಸಾವಿಗೆ ಕಾರಣವೆಂದು ಹೇಳಿದರೆ ಉತ್ಪ್ರೇಕ್ಷೆಯಾದೀತು. ಆದರೆ ತನಗೊಪ್ಪುವ ಜಾಗದಿಂದ ಏಳಿಸಿದರು ಎನ್ನುವುದಂತೂ ನಿಜ.

ನಮ್ಮಲ್ಲಿಯೇ ನೋಡಿ. ಬೆಂಗಳೂರಿನಲ್ಲಿ ನೆಲೆಸಿದ ಸುಕನ್ಯಾ ರಾಮ್‌ಗೋಪಾಲ್ ಅವರು ಘಟ ನುಡಿಸಲು ಹೊರಟಾಗ, ಹೆಣ್ಣಿನ ಬೆರಳಿಗೆ ಅದು ಒಗ್ಗದು ಎಂಬ ಮಾತು ಕೇಳಬೇಕಾಯಿತು. ಅವರು ನುಡಿಸಿ ತೋರಿಸಿದರು. ಹೆಣ್ಣುಮಕ್ಕಳದೇ ಆದ ಸ್ತ್ರೀ ತಾಳ ತರಂಗ ತಂಡ ಕಟ್ಟಿದರು. 2014ರ ಸಾಲಿನ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಅವರಿಗೆ ಬಂತು. ಇನ್ನು ತಮಟೆ. ದೇವರ ಉತ್ಸವಕ್ಕೂ ಸಾವಿಗೂ ಅದರ ಸದ್ದು ನಮಗೆ ಬೇಕು. ಬಾರಿಸುವವರನ್ನು ಮಾತ್ರ ಶತಮಾನಗಳ ಕಾಲ ಹೊಸ್ತಿಲಾಚೆ ನಿಲ್ಲಿಸಿದೆವು. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಯ ಕಲೆಗಾಗಿ ಪದ್ಮಶ್ರೀ ಬಂದದ್ದು 2023ರಲ್ಲಿ. ಯಾರ ಸದ್ದನ್ನು ಸಂಗೀತ ಎನ್ನುತ್ತೇವೆ, ಯಾರದನ್ನು ಬಡಿಯುವುದು ಎನ್ನುತ್ತೇವೆ ಎಂಬುದನ್ನು ಕಿವಿಯೊಂದೇ ತೀರ್ಮಾನಿಸುವುದಿಲ್ಲ, ನಮ್ಮೊಳಗೆ ಕೂತ ಅಜ್ಜಿಯೂ ತೀರ್ಮಾನಿಸುತ್ತಾಳೆ.

ನಮ್ಮವರು ಇದಕ್ಕೊಂದು ಅಡ್ಡಮಾತು ಹಾಕಿದರು. "ಅಡ್ಡಿ ಬಂದರೇನೆ ಕಲೆ ಬೆಳೆಯೋದು. ನೀನು ದಿಂಬು ತುರುಕಿದ್ದು ಅವಳಿಗೆ ಒಳ್ಳೇದೇ ಆಯ್ತು ಅನ್ಕೋ." ಈ ಮಾತಿನಲ್ಲೂ ಹುರುಳಿದೆ. ಆ ರಿಂಗೋ ಎಡಚ. ಎಡಗೈ ಬಳಕೆ ಅಪಶಕುನವೆಂದು ಅವನ ಅಜ್ಜಿ ಬಲಗೈಯಲ್ಲಿ ಬರೆಸಿದಳು. (ಅಜ್ಜಿಯರು ಎಲ್ಲ ಕಡೆ ಒಂದೇ!) ಬಲಗೈಯವರ ಜೋಡಣೆಯ ಮುಂದೆ ಕೂತ ಎಡಚನ ಕೈ ಸುತ್ತುವ ರೀತಿಯೇ ಬೇರೆಯಾಗಿ, ಅದೇ ಅವನ ಗುರುತಾಯಿತು. ಡೆಫ್ ಲೆಪರ್ಡ್ ತಂಡದ ರಿಕ್ ಅಲೆನ್ 1984ರ ಡಿಸೆಂಬರ್ 31ರಂದು ಕಾರು ಅಪಘಾತದಲ್ಲಿ ಎಡಗೈ ಕಳೆದುಕೊಂಡ. ಕೈಯ ಕೆಲಸವನ್ನು ಕಾಲಿಗೆ ವಹಿಸುವ ವಿದ್ಯುತ್ ಡ್ರಮ್ಮುಗಳನ್ನು ಜೋಡಿಸಿಕೊಂಡು ಮತ್ತೆ ವೇದಿಕೆಗೆ ಬಂದ. ನಮ್ಮ ಬೆಂಗಳೂರಿನ ಸ್ವರಾತ್ಮ ತಂಡದ ಡ್ರಮ್ಮರ್ ಆಗಿದ್ದ ಮಾಂಟ್ರಿ ಮ್ಯಾನುಯೆಲ್, ಎಸೆದ ಪೀಪಾಯಿ, ಪೈಪು, ಡಬ್ಬಗಳಿಂದಲೇ ವಾದ್ಯ ಕಟ್ಟಿ 'ತಾಳವಟ್ಟಂ' ಎಂದು ಹೆಸರಿಟ್ಟರು. ಇಲ್ಲದ್ದರಿಂದ, ಕಳೆದುಕೊಂಡಿದ್ದರಿಂದ ಮನುಷ್ಯ ಏನೆಲ್ಲ ಮಾಡಬಲ್ಲ! ಆದರೆ ಆ ಹೊಗಳಿಕೆ ಎದ್ದು ನಿಂತವರಿಗೆ ಸಲ್ಲಬೇಕು. ಬೀಳಿಸಿದವರು ಬಂದು ಅದರಲ್ಲಿ ಪಾಲು ಕೇಳಬಾರದು. ಎದ್ದು ನಿಲ್ಲದೆ ಮಣೆ ಮಡಿಸಿಟ್ಟ ಹುಡುಗಿಯರ ಲೆಕ್ಕ ಇಟ್ಟವರು ಯಾರು?

ಇಷ್ಟು ಹೇಳಿದ ಮಾತ್ರಕ್ಕೆ ಹಿಂದಿನ ಮನೆಯ ಅಜ್ಜನ ಎದೆ ಸರಿಹೋಗಲಿಲ್ಲ. ದನಿ ನನ್ನ ಹಕ್ಕು ಎಂದು ನಾವು ಹೇಳಿದಂತೆ, ನೆಮ್ಮದಿ ನನ್ನ ಹಕ್ಕು ಎಂದು ಅವರೂ ಹೇಳಬಹುದು. ಕಣ್ಣಿಗೆ ಬೇಡವಾದರೆ ಮುಚ್ಚಿಕೊಳ್ಳಬಹುದು, ಕಿವಿಗೆ ರೆಪ್ಪೆಯಿಲ್ಲ. ಹಾಗಾಗಿ ಸದ್ದು ಮಾಡುವವರ ಹೊಣೆ ಒಂದು ಗುಲಗಂಜಿ ಹೆಚ್ಚೇ. ಹುಡುಗಿ ಇದನ್ನು ನನಗಿಂತ ಬೇಗ ಒಪ್ಪಿದಳು. "ನಾವೇ ಹೋಗಿ ಅಜ್ಜನನ್ನ ಕೇಳೋಣ ಆಂಟಿ" ಎಂದಳು. ನಾನು ಹೆದರಿದ್ದು ಆ ಮಾತುಕತೆಗೇ. ಎರಡು ದಿಂಬು ತುರುಕಿ ತಪ್ಪಿಸಿಕೊಂಡಿದ್ದೆನಲ್ಲ!

ಅಜ್ಜ ಮಂಚದ ಮೇಲೆ ಒರಗಿ ಕೂತಿದ್ದರು. ಅವಳನ್ನು ಮೇಲಿಂದ ಕೆಳಗೆ ನೋಡಿ, "ಅದನ್ನ ಬಾರ್ಸೋಳು ನೀನೇನಾ?" ಎಂದು ಎರಡು ಸಲ ಕೇಳಿದರು. ಆಮೇಲೆ ಹೇಳಿದ್ದು ನಾನು ಎಣಿಸದ ಮಾತು: "ಸದ್ದು ಜೋರು ಅಂತಲ್ಲ ಕಣಮ್ಮ ನನ್ ಕಷ್ಟ. ಯಾವಾಗ ಶುರುವಾಗ್ತದೋ ಅಂತ ಕಾಯ್ತಾ ಮಲಗಿರ್ತೀನಲ್ಲ, ಅದಕ್ಕೇ ಎದೆ ಹೊಡ್ಕೊಳೋದು. ಹೊತ್ತು ಗೊತ್ತಾದ್ರೆ ಸಾಕು."

ನಾವು ಮೂವರೂ ಕೂತು ಹೊತ್ತು ಗೊತ್ತು ಮಾಡಿದೆವು. ಸಂಜೆ ನಾಲ್ಕೂವರೆಯಿಂದ ಐದೂವರೆ, ಸೊಸೆ ಫ್ಯಾಕ್ಟರಿಯಿಂದ ಬರುವ ಮೊದಲು. ಭಾನುವಾರ ಇಲ್ಲ. ಉಳಿದ ಹೊತ್ತಿನಲ್ಲಿ ರಬ್ಬರಿನ ಹಲಗೆಯ ಮೇಲೆ ಅಭ್ಯಾಸ. ಅದರ ಸದ್ದು ಕೋಣೆಯ ಆಚೆ ಹೋಗುವುದಿಲ್ಲ. ಕಿಟಕಿಗೆ ನಮ್ಮ ಮನೆಯ ಹಳೆಯ ಹಾಸಿಗೆ ಕಟ್ಟಿದಳು, ಬೇಸ್ ಡ್ರಮ್ಮಿಗೆ ತನ್ನ ಕೈಯಾರೆ ಇನ್ನೊಂದು ದಿಂಬು ಇಟ್ಟಳು. ಈ ಸಲ ನಾನು ತಂದುಕೊಟ್ಟೆ, ಅವಳು ಜಾಗ ಹುಡುಕಿದಳು. ಸದ್ದು ಮೊದಲಿಗಿಂತ ಬಹಳ ಕಡಿಮೆಯೇನೂ ಆಗಲಿಲ್ಲ. ಆದರೆ ಅಜ್ಜ ಬೆಚ್ಚಿ ಬೀಳುವುದು ನಿಂತಿತು.

ಎಲ್ಲ ಸುಖಾಂತವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಭಾನುವಾರ ಬಿಟ್ಟಿದ್ದರಿಂದ ತಂಡದ ಉಳಿದವರ ಜೊತೆ ಸೇರಿ ನುಡಿಸುವುದು ಅವಳಿಗೆ ಕಷ್ಟವಾಯಿತು. ಸ್ಪರ್ಧೆಯಲ್ಲಿ ಬಹುಮಾನ ಬರಲಿಲ್ಲ. ಅದಕ್ಕೆ ನಾವು ಎಷ್ಟು ಕಾರಣವೋ ದೇವರಿಗೇ ಗೊತ್ತು. ಸೊಸೆಗೆ ರಜೆಯಿರುವ ದಿನ ಆ ಒಂದು ಗಂಟೆಯೂ ಹಿಂಸೆಯೇ. ಇಂದಿಗೂ ಅವಳು ನನ್ನ ಕಂಡರೆ ಮೊದಲಿನಂತೆ ನಿಂತು ಮಾತಾಡುವುದಿಲ್ಲ. ಅವಳ ಮಾತೂ ಸುಳ್ಳಲ್ಲವಲ್ಲ. ಒಬ್ಬರ ದನಿಗೆ ಜಾಗ ಮಾಡಿಕೊಡುವುದೆಂದರೆ ಇನ್ನೊಬ್ಬರು ಸ್ವಲ್ಪ ಜರುಗಿ ಕೂರಲೇಬೇಕು. ಜರುಗುವವರನ್ನು ಕೇಳಿ ಜರುಗಿಸುವುದಷ್ಟೇ ನಮ್ಮ ಕೈಯಲ್ಲಿರುವ ನ್ಯಾಯ.

2019ರಲ್ಲಿ ಓದು ಮುಗಿಸಿ ಅವಳು ಕೋಣೆ ಖಾಲಿ ಮಾಡಿದಳು. ಹೊರಡುವ ಹಿಂದಿನ ದಿನ, ಡ್ರಮ್ಸು ಬಿಚ್ಚುವ ಮೊದಲು, ನನ್ನನ್ನು ಮೇಲೆ ಕರೆದು ಆ ಸ್ಟೂಲಿನ ಮೇಲೆ ಕೂರಿಸಿದಳು. ಕೈಗೆ ಕೋಲು ಕೊಟ್ಟಳು. "ಒಂದೇ ಒಂದು ಸಲ ಆಂಟಿ."

ಅಕ್ಕಪಕ್ಕದವರು ಏನೆಂದುಕೊಂಡಾರು ಎಂದು ಕಿಟಕಿಯ ಕಡೆ ನೋಡಿದೆ. ಗಡಿಯಾರ ನೋಡಿದೆ. ಐದು ಗಂಟೆ, ಗೊತ್ತು ಮಾಡಿದ ಹೊತ್ತೇ. ಬಲಗೈ ಎತ್ತಿ ಫ್ಲೋರ್ ಟಾಮ್ ಮೇಲೆ ಹೊಡೆದೆ. ಸದ್ದು ಹುಟ್ಟಿದ ಕೂಡಲೇ ನಿಂತುಹೋಯಿತು. ಯಾಕೆಂದು ನೋಡಿದರೆ, ನನ್ನ ಎಡಗೈ ತಾನಾಗಿ ಹೋಗಿ ಚರ್ಮದ ಮೇಲೆ ಅಂಗೈ ಊರಿ ಕೂತಿತ್ತು. ಮಣೆಯ ಮೇಲೆ ಪಂಚೆ ಹಾಸಿದ ಹಾಗೆ.

ಹುಡುಗಿ ಮೆಲ್ಲಗೆ ಹೇಳಿದಳು: "ಆ ಕೈ ತೆಗೀರಿ ಆಂಟಿ."

ತೆಗೆದೆ. ಮತ್ತೆ ಹೊಡೆದೆ.